ರಾತ್ರಿ ಡ್ಯೂಟಿಗೆ ವಾರ್ಡ್ ಒಪ್ಪಿಸುವುದು ಹೇಗೆ: ಹೊಸ ಪಿಜಿಗಳಿಗೆ

ಪಿಜಿಗೆ, ಅಂದರೆ ಎಂಬಿಬಿಎಸ್ ಆದ ಮೇಲಿನ ಓದಿಗೆ, ಸೇರಿದ ಮೇಲೆ ಥೀಸಿಸ್, ಸೆಮಿನಾರ್, ಲಾಗ್‌ಬುಕ್ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ವಾರ್ಡನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ನಾನು ಮಂಡ್ಯದವಳು, ಮೈಸೂರಿನಲ್ಲಿ ಜನರಲ್ ಮೆಡಿಸಿನ್ ಎಂಡಿ ಮಾಡಿದೆ. ಇದನ್ನು ಕಲಿತದ್ದು ನನ್ನದೇ ತಪ್ಪಿನಿಂದ.

ಮೊದಲ ವರ್ಷ, ಕಬ್ಬು ಕಡಿಯುವ ಕಾಲ. ಪಾಂಡವಪುರದ ಕಡೆಯ ರೈತರೊಬ್ಬರಿಗೆ ಕೊಳಕುಮಂಡಲ ಕಚ್ಚಿತ್ತು. ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ. ಸಂಜೆ 6ಕ್ಕೆ 10 ವಯಲ್ ಎಎಸ್‌ವಿ (ಹಾವಿನ ವಿಷ ಇಳಿಸುವ ಮದ್ದು) ಕೊಟ್ಟೆವು. ರಾತ್ರಿ 8ಕ್ಕೆ ಡ್ಯೂಟಿ ಬದಲಾದಾಗ ನಾನು ಹೇಳಿದ್ದು ಇಷ್ಟೇ: "ಸ್ನೇಕ್ ಬೈಟ್, ಎಎಸ್‌ವಿ ಆಯ್ತು, ಸ್ಟೇಬಲ್." 6 ಗಂಟೆ ಬಿಟ್ಟು, ಅಂದರೆ ನಡುರಾತ್ರಿ 12ಕ್ಕೆ, ರಕ್ತ ಹೆಪ್ಪುಗಟ್ಟುತ್ತಿದೆಯಾ ಅಂತ ನೋಡುವ ಕ್ಲಾಟಿಂಗ್ ಟೆಸ್ಟ್ ಮತ್ತೆ ಮಾಡಬೇಕಿತ್ತು. ಅದನ್ನು ಹೇಳಲೇ ಇಲ್ಲ. ಬೆಳಿಗ್ಗೆ ಹೋದರೆ ವಸಡಿನಿಂದ ರಕ್ತ ಜಿನುಗುತ್ತಿತ್ತು. "ರಾತ್ರಿನೇ ಬತ್ತಿತ್ತು ಕಣವ್ವ, ಯಾರ್ಗೇಳದು ಅಂತ ಗೊತ್ತಾಗ್ನಿಲ್ಲ" ಅಂದರು ಅವರ ಹೆಂಡತಿ. ಮತ್ತೆ ಎಎಸ್‌ವಿ ಹಾಕಿದೆವು, ಅವರು ಉಳಿದುಕೊಂಡರು. ಆ ಮಾತು ಮಾತ್ರ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹಾಗಾಗಿ ಬರೀ ರೋಗದ ಹೆಸರು ಹೇಳಿ ಹೊರಡಬೇಡಿ. ಮುಂದೆ ಮಾಡಬೇಕಾದ ಕೆಲಸ ಏನು, ಎಷ್ಟು ಗಂಟೆಗೆ, ಕೆಟ್ಟರೆ ಏನು ಮಾಡಬೇಕು, ಇವು ಮೂರನ್ನು ಹೇಳಿ. "7ನೇ ಬೆಡ್, 12ಕ್ಕೆ ಕ್ಲಾಟಿಂಗ್ ಟೆಸ್ಟ್, ಹೆಪ್ಪುಗಟ್ಟದಿದ್ದರೆ ಮತ್ತೆ ಎಎಸ್‌ವಿ, ಸೀನಿಯರ್‌ಗೆ ಫೋನ್." ಟೆಸ್ಟ್‌ಗೆ ಹೊಸ, ಒಣಗಿದ ಗಾಜಿನ ಟ್ಯೂಬನ್ನು ನೀವೇ ಹುಡುಕಿ ಇಟ್ಟು ಹೋಗಿ. ಸೋಪಿನಲ್ಲಿ ತೊಳೆದದ್ದು, ಪ್ಲಾಸ್ಟಿಕ್‌ದು ಬೇಡ, ಅದರಲ್ಲಿ ಫಲಿತಾಂಶ ತಪ್ಪಾಗಿ ಬರುತ್ತದೆ. 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಬಿಡಬೇಕು. ನಡುರಾತ್ರಿ ಟ್ಯೂಬ್ ಸಿಗದೆ ಟೆಸ್ಟೇ ಬಿಟ್ಟುಹೋಗುವುದುಂಟು.

ಬೆಳೆಗೆ ಹೊಡೆಯುವ ಔಷಧಿ ಕುಡಿದು ಬಂದವರು ನಮ್ಮ ಕಡೆ ಜಾಸ್ತಿ ಅಲ್ವಾ. ಅಲ್ಲಿ ಆ ವಿಷಕ್ಕೆ ಕೊಡುವ ಮದ್ದಿನ ಬಗ್ಗೆ "ಅಟ್ರೋಪಿನ್ ಓಡ್ತಿದೆ" ಅಂದರೆ ಸಾಲದು. ಗಂಟೆಗೆ ಎಷ್ಟು ಹೋಗುತ್ತಿದೆ, ಎದೆ ಕ್ಲಿಯರ್ ಆಗಿದೆಯಾ, ಹಾರ್ಟ್ ರೇಟ್ ಎಷ್ಟು ಅಂತ ಹೇಳಿ. ಇವರು ಎಚ್ಚರಾಗಿ ಮಾತಾಡಲು ಶುರು ಮಾಡಿದ ಮೇಲೂ 1ರಿಂದ 4ನೇ ದಿನದೊಳಗೆ ಕುತ್ತಿಗೆ, ಆಮೇಲೆ ಉಸಿರಾಟದ ಸ್ನಾಯುಗಳು ಸೋಲಬಹುದು. ದಿಂಬಿನಿಂದ ತಲೆ ಎತ್ತಿಸಿ ನೋಡಲು ರಾತ್ರಿಯವರಿಗೆ ಹೇಳಿ. ಎತ್ತಲಾಗದಿದ್ದರೆ ಉಸಿರಾಟ ನೋಡಿ, ಐಸಿಯುಗೆ ಆಗಲೇ ಹೇಳಿಡಬೇಕು.

ಬೆಡ್ ನಂಬರ್ ಪ್ರಕಾರ ಹೋಗಬೇಡಿ. ಜಾಸ್ತಿ ಸೀರಿಯಸ್ ಇರುವವರಿಂದ ಶುರು ಮಾಡಿ, ಕೊನೆಗೆ ಬರುವಷ್ಟರಲ್ಲಿ ಹೇಳುವವರು, ಕೇಳುವವರು ಇಬ್ಬರ ಗಮನವೂ ತಪ್ಪಿರುತ್ತದೆ. ಸೀರಿಯಸ್ ಇರುವವರ ಮಂಚದ ಪಕ್ಕದಲ್ಲೇ ನಿಂತು ಹೇಳಿ. ಕೇಳಿಸಿಕೊಂಡವರು ತಮ್ಮ ಮಾತಲ್ಲಿ ಒಮ್ಮೆ ವಾಪಸ್ ಹೇಳಲಿ. ಸೀನಿಯರ್ ಆದರೂ ಕೇಳಲು ಸಂಕೋಚ ಬೇಡ. ಬಾಕಿ ಇರುವ ರಿಪೋರ್ಟ್‌ಗಳಲ್ಲಿ ಪೊಟ್ಯಾಸಿಯಂ ಇದ್ದರೆ ಬೇರೆಯಾಗಿ ಹೇಳಿ, ಅದು ಏರುಪೇರಾದರೆ ಹೃದಯಕ್ಕೆ ಅಪಾಯ. ವಾಟ್ಸಾಪ್‌ನಲ್ಲಿ ಸುಮ್ನೆ ಪಟ್ಟಿ ಕಳಿಸಿ ಮನೆಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಪಿಜಿಗಳು ಮಾಡಲೇಬೇಕಾದ ಮೂರು ತಿಂಗಳ ಡಿಆರ್‌ಪಿಗೆ (ಡಿಸ್ಟ್ರಿಕ್ಟ್ ರೆಸಿಡೆನ್ಸಿ ಪ್ರೋಗ್ರಾಂ) ಜಿಲ್ಲಾ ಆಸ್ಪತ್ರೆಗೆ ಹೋದಾಗ ಇದರ ಬೆಲೆ ಇನ್ನೂ ಗೊತ್ತಾಗುತ್ತದೆ. ಅಲ್ಲಿ ಯಾರ ಪರಿಚಯವೂ ಇರುವುದಿಲ್ಲ, ಬಾಯಿಬಿಟ್ಟು ಹೇಳಿದ್ದಷ್ಟೇ ಉಳಿಯುತ್ತದೆ.

ಕೊನೆಗೆ ರೋಗಿಯ ಮನೆಯವರ ಹತ್ತಿರ ಹೋಗಿ. "ಅವ್ವಾ, ನಾನು ಈಗ ಹೊರಡ್ತೀನಿ. ರಾತ್ರಿ ಇವರು ನೋಡ್ಕೋತಾರೆ. ಬಾಯಲ್ಲೋ ಮೂತ್ರದಲ್ಲೋ ರಕ್ತ ಬಂದರೆ ತಕ್ಷಣ ಆ ಟೇಬಲ್ ಹತ್ತಿರ ಸಿಸ್ಟರ್‌ಗೆ ಹೇಳಿ" ಅಂತ ಕೈ ತೋರಿಸಿ ಹೇಳಿ. ಸಿಸ್ಟರ್‌ಗೂ ಅದೇ ಮಾತು ಹೇಳಿ ಹೊರಡಿ.