ಬಟ್ಟೆಪಟ್ಟಿಗಳಿಂದ ಲಾಗ್ ಕ್ಯಾಬಿನ್ ಚೌಕ ಹೊಲಿಯುವ ಕ್ರಮ

ನಡುವೆ ಪುಟ್ಟ ಚೌಕವೊಂದನ್ನು ಇಟ್ಟು, ಸುತ್ತಲೂ ಪಟ್ಟಿಗಳನ್ನು ಸೇರಿಸುತ್ತ ಬೆಳೆಸುವ ಕೌದಿಯ ಈ ವಿನ್ಯಾಸಕ್ಕೆ ಲಾಗ್ ಕ್ಯಾಬಿನ್, ಅಂದರೆ ಮರದ ದಿಮ್ಮಿಗಳ ಮನೆ, ಎಂದು ಹೆಸರು. ಇದು 19ನೇ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಬಹಳ ಜನಪ್ರಿಯವಾಗಿತ್ತು. ಪಟ್ಟಿಗಳು ದಿಮ್ಮಿಗಳಾದರೆ ನಡುವಿನ ಚೌಕವು ಮನೆಯ ಒಲೆಯೆಂದು ಭಾವಿಸಿ, ಅದಕ್ಕೆ ಕೆಂಪು ಬಟ್ಟೆಯನ್ನು ಬಳಸುವ ರೂಢಿಯಿದೆ. ಅಕ್ಕಪಕ್ಕದ ಎರಡು ಬದಿಗಳಿಗೆ ತಿಳಿಬಣ್ಣ, ಉಳಿದೆರಡಕ್ಕೆ ಗಾಢಬಣ್ಣ ಬರುವುದರಿಂದ ಚೌಕವು ಮೂಲೆಯಿಂದ ಮೂಲೆಗೆ ಬೆಳಕು ಮತ್ತು ನೆರಳಾಗಿ ಒಡೆದು ಕಾಣುತ್ತದೆ.

ಒಂದೇ ದಪ್ಪದ ಹತ್ತಿಬಟ್ಟೆಗಳನ್ನು ಆರಿಸಿ, ಬಣ್ಣ ಬಿಡುವಂಥವನ್ನು ಮೊದಲೇ ಒಗೆದು ಇಸ್ತ್ರಿ ಮಾಡಿಕೊಳ್ಳಬೇಕು. ನಡುವಿನ ಚೌಕವನ್ನು 2.5 ಇಂಚಿಗೆ, ಪಟ್ಟಿಗಳನ್ನು 1.5 ಇಂಚು ಅಗಲಕ್ಕೆ, ಬಟ್ಟೆಯ ಎಳೆಗೆ ನೇರವಾಗಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಪಟ್ಟಿಯು ಹೊಲಿಯುವಾಗ ಹಿಗ್ಗುತ್ತದೆ. ಮೂರು ಸುತ್ತಿನ ಚೌಕಕ್ಕೆ ತಿಳಿಬಣ್ಣದ ಪಟ್ಟಿಗಳ ಉದ್ದ 2.5, 3.5, 4.5, 5.5, 6.5, 7.5 ಇಂಚು, ಗಾಢಬಣ್ಣದವು 3.5ರಿಂದ 8.5 ಇಂಚಿನವರೆಗೆ ಹೀಗೆಯೇ ಒಂದೊಂದು ಇಂಚು ಏರುತ್ತವೆ.

ಇಡೀ ಕೆಲಸ ನಿಂತಿರುವುದು ಕಾಲು ಇಂಚಿನ ಹೊಲಿಗೆ ಅಂಚಿನ, ಅಂದರೆ ಹೊಲಿಗೆಗೂ ಬಟ್ಟೆಯ ತುದಿಗೂ ನಡುವೆ ಬಿಡುವ ಜಾಗದ ಮೇಲೆ. ಚೌಕದ ಅಡ್ಡಕ್ಕೆ ಆರು ಹೊಲಿಗೆಗಳು ಬರುತ್ತವೆ. ಪ್ರತಿ ಹೊಲಿಗೆಯಲ್ಲಿ ಅಂಚು ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಾದರೂ, ಎರಡು ಕಡೆಯ ಬಟ್ಟೆಯೂ ಅಷ್ಟಷ್ಟು ಒಳಗೆ ಸೇರಿ, ಕೊನೆಗೆ ಮುಕ್ಕಾಲು ಇಂಚು ಕಡಿಮೆಯಾಗುತ್ತದೆ. ಆದ್ದರಿಂದ ಮೊದಲು ಮೂರು ಚೂರುಪಟ್ಟಿಗಳನ್ನು ಜೋಡಿಸಿ ಹೊಲಿದು ಇಸ್ತ್ರಿ ಮಾಡಿ, ನಡುವಿನದು ಸರಿಯಾಗಿ 1 ಇಂಚು ಇದೆಯೇ ಎಂದು ಅಳೆಯಬೇಕು. ಬೇಸರದ ಕೆಲಸವೆನಿಸಿದರೂ, ಹೊಲಿಗೆ ಬಿಚ್ಚುವ ಬೇಸರಕ್ಕಿಂತ ಇದು ಎಷ್ಟೋ ವಾಸಿ.

ಕೆಂಪು ಚೌಕದ ಮೇಲೆ 2.5 ಇಂಚಿನ ತಿಳಿಬಣ್ಣದ ಪಟ್ಟಿಯನ್ನು ಮುಖಕ್ಕೆ ಮುಖ ತಾಗುವಂತೆ ಇಟ್ಟು ಹೊಲಿದು, ಪಟ್ಟಿಯನ್ನು ಹೊರಕ್ಕೆ ಮಗುಚಿ, ಒಳಗಿನ ಅಂಚು ಹೊರಮುಖವಾಗಿ ಮಲಗುವಂತೆ ಇಸ್ತ್ರಿ ಒತ್ತಬೇಕು. ಇಸ್ತ್ರಿಯನ್ನು ಎಳೆದಾಡದೆ ಎತ್ತಿ ಎತ್ತಿ ಇಡುವುದು ಮುಖ್ಯ, ಎಳೆದರೆ ಪಟ್ಟಿ ಬಿಲ್ಲಿನಂತೆ ಬಾಗುತ್ತದೆ. ಬಳಿಕ ಚೌಕವನ್ನು ಕಾಲು ಸುತ್ತು ತಿರುಗಿಸಿ 3.5 ಇಂಚಿನ ತಿಳಿಪಟ್ಟಿ, ಮುಂದೆ 3.5 ಇಂಚಿನ ಗಾಢಪಟ್ಟಿ, ಅದರ ನಂತರ 4.5 ಇಂಚಿನದನ್ನು ಸೇರಿಸಬೇಕು. ಹೊಸ ಪಟ್ಟಿಯು ಈಗಷ್ಟೇ ಹೊಲಿದ ಪಟ್ಟಿಯ ತುದಿಯನ್ನು ಮುಚ್ಚುವಂತೆ ಬಂದರೆ ಕ್ರಮ ತಪ್ಪಿಲ್ಲವೆಂದು ತಿಳಿಯಬಹುದು. ತಿರುಗಿಸುವ ದಿಕ್ಕು ಕೊನೆಯವರೆಗೂ ಒಂದೇ ಇರಬೇಕು.

ಪಟ್ಟಿ ಉದ್ದವಾದಂತೆ ಅದನ್ನು ಎಳೆದು ಹೊಂದಿಸುವ ಆಸೆಯಾಗುತ್ತದೆ. ಹಾಗೆ ಮಾಡದೆ ಎರಡು ತುದಿಗಳಿಗೂ ನಡುವಿಗೂ ಗುಂಡುಸೂಜಿ ಚುಚ್ಚಿಕೊಂಡು ಹೊಲಿಯಬೇಕು. ಮೂರು ಸುತ್ತು ಮುಗಿದಾಗ ಚೌಕವು 8.5 ಇಂಚು ಇದ್ದು, ಇತರ ಚೌಕಗಳೊಡನೆ ಜೋಡಿಸಿದ ಮೇಲೆ 8 ಇಂಚು ಉಳಿಯುತ್ತದೆ. ಮೊದಲ ಚೌಕವನ್ನು ಅಳೆದು ನೋಡುವ ಮುನ್ನ ಉಳಿದವುಗಳಿಗೆ ಬಟ್ಟೆ ಕತ್ತರಿಸದಿರುವುದು ಒಳ್ಳೆಯದು.