ಮಕ್ಕಳೊಂದಿಗೆ ಕಾರಿನಲ್ಲಿ ಅಮೆರಿಕದ ಥೀಮ್ ಪಾರ್ಕ್‌ಗಳಿಗೆ: ಯೋಜನೆ ಹಾಕುವ ಕ್ರಮ

ಮೊದಲು ಮಕ್ಕಳ ಎತ್ತರ ಅಳೆಯಿರಿ. ಹೋಟೆಲ್, ಟಿಕೆಟ್, ದಾರಿ ಎಲ್ಲ ಆಮೇಲೆ. ಅಮೆರಿಕದ ಪಾರ್ಕ್‌ಗಳಲ್ಲಿ ಯಾವ ಮಗು ಯಾವ ರೈಡ್ ಹತ್ತಬಹುದು ಎಂದು ತೀರ್ಮಾನಿಸುವುದು ಇಂಚಿನ ಪಟ್ಟಿ. ವಯಸ್ಸನ್ನು ಯಾರೂ ಕೇಳುವುದಿಲ್ಲ. 36, 42, 48, 54 ಇಂಚು ಎಂಬ ನಾಲ್ಕು ಗಡಿಗಳನ್ನು ನೆನಪಿಟ್ಟುಕೊಳ್ಳಿ. ಸೆಂಟಿಮೀಟರ್ ಲೆಕ್ಕದಲ್ಲಿ ಸುಮಾರು 91, 107, 122, 137. 36ಕ್ಕಿಂತ ಕಡಿಮೆ ಇದ್ದರೆ ಸುತ್ತುವ ಕುದುರೆ (ಮೆರಿ-ಗೋ-ರೌಂಡ್), ದೋಣಿ, ಪುಟ್ಟ ರೈಲುಗಳಷ್ಟೇ. 48 ದಾಟಿದರೆ ಹೆಚ್ಚಿನ ದೊಡ್ಡ ರೋಲರ್ ಕೋಸ್ಟರ್‌ಗಳ ಬಾಗಿಲು ತೆರೆಯುತ್ತದೆ. ಒಹಾಯೊದ ಸೀಡರ್ ಪಾಯಿಂಟ್‌ನಲ್ಲಿರುವ 310 ಅಡಿಯ ಮಿಲೆನಿಯಮ್ ಫೋರ್ಸ್‌ಗೂ 48 ಸಾಕು, ಆದರೆ ಫ್ಲೋರಿಡಾದ ಯೂನಿವರ್ಸಲ್ ಒರ್ಲಾಂಡೊದ ವೆಲೋಸಿಕೋಸ್ಟರ್‌ಗೆ 51 ಬೇಕು. ಅತ್ತ ಒರ್ಲಾಂಡೊ ಬಳಿಯ ಡಿಸ್ನಿ ವರ್ಲ್ಡ್‌ನ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ಗೆ 38, ಸ್ಪೇಸ್ ಮೌಂಟನ್‌ಗೆ 44 ಇಂಚು.

ಗಡಿಯ ಅಂಚಿನಲ್ಲಿರುವ ಮಗುವಿದ್ದರೆ ಒಂದು ಸೂಕ್ಷ್ಮ ಗೊತ್ತಿರಲಿ. ದಿನವಿಡೀ ನಿಂತು ನಡೆದಾಡಿದಾಗ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಹೋಗಿ, ಬೆಳಗಿನ ಎತ್ತರ ಸಂಜೆಗೆ ಒಂದು ಸೆಂಟಿಮೀಟರ್‌ನಷ್ಟು ಇಳಿಯುತ್ತದೆ. ಅಂಥ ಮಗುವಿಗೆ ಆಸೆಯ ರೈಡ್ ಇದ್ದರೆ ಬೆಳಗ್ಗೆಯೇ ಹತ್ತಿಸಿ. ಅನೇಕ ಪಾರ್ಕ್‌ಗಳು ಪ್ರವೇಶದ ಬಳಿಯೇ ಅಳೆದು ಬಣ್ಣದ ಕೈಪಟ್ಟಿ ಕಟ್ಟುತ್ತವೆ. ಅದನ್ನು ಮೊದಲೇ ಕಟ್ಟಿಸಿಕೊಂಡರೆ, ಒಂದು ಗಂಟೆ ಕ್ಯೂನಲ್ಲಿ ನಿಂತ ಮೇಲೆ ಮಗುವನ್ನು ವಾಪಸ್ ಕಳಿಸುವ ಪ್ರಸಂಗ ಬರುವುದಿಲ್ಲ. ಒಂದು ಇಂಚಿನ ಕಾರಣಕ್ಕೆ ಅಳುವ ಮಗುವನ್ನು ಸಮಾಧಾನ ಮಾಡುವುದು ಬಹಳ ಕಷ್ಟ. ಮನೆಯಲ್ಲೇ ಪಟ್ಟಿ ಮಾಡಿ, ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮಕ್ಕಳಿಗೆ ಹೊರಡುವ ಮುಂಚೆಯೇ ಹೇಳಿಬಿಡಿ.

ಪಾರ್ಕ್‌ಗಳ ಆಯ್ಕೆಯೂ ಇದರ ಮೇಲೆಯೇ ನಿಂತಿದೆ. ಎಲ್ಲ ಮಕ್ಕಳೂ 42 ಇಂಚಿನೊಳಗಿದ್ದರೆ ಡಿಸ್ನಿ, ಲೆಗೋಲ್ಯಾಂಡ್, ಟೆನೆಸ್ಸಿಯ ಡಾಲಿವುಡ್, ಇಂಡಿಯಾನಾದ ಹಾಲಿಡೇ ವರ್ಲ್ಡ್ ನೋಡಿ. ಕ್ಯಾಲಿಫೋರ್ನಿಯಾದ ಸಿಕ್ಸ್ ಫ್ಲ್ಯಾಗ್ಸ್ ಮ್ಯಾಜಿಕ್ ಮೌಂಟನ್‌ನಂಥ ಕೋಸ್ಟರ್ ಪಾರ್ಕ್‌ಗೆ ನಾಲ್ಕು ವರ್ಷದ ಮಗುವನ್ನು ಕರೆದೊಯ್ದರೆ ಅಪ್ಪ ಅಮ್ಮನಲ್ಲಿ ಒಬ್ಬರು ದಿನವಿಡೀ ಬೆಂಚಿನ ಮೇಲೆ ಕೂರಬೇಕಾಗುತ್ತದೆ.

ತಿಂಗಳು ಮತ್ತು ವಾರ

ಫ್ಲೋರಿಡಾ, ದಕ್ಷಿಣ ಕ್ಯಾಲಿಫೋರ್ನಿಯಾದ ದೊಡ್ಡ ಪಾರ್ಕ್‌ಗಳು ವರ್ಷವಿಡೀ ತೆರೆದಿರುತ್ತವೆ. ಒಹಾಯೊ, ಪೆನ್ಸಿಲ್ವೇನಿಯಾ, ಇಂಡಿಯಾನಾ ಹಾಗಲ್ಲ: ಚಳಿಗಾಲದಲ್ಲಿ ಮುಚ್ಚಿ ಮೇ ಹೊತ್ತಿಗೆ ತೆರೆಯುತ್ತವೆ, ಆಗಸ್ಟ್ ಮಧ್ಯದ ನಂತರ ಬಹುತೇಕ ವಾರಾಂತ್ಯಕ್ಕೆ ಸೀಮಿತವಾಗುತ್ತವೆ. ಸೆಪ್ಟೆಂಬರ್‌ನ ಮಂಗಳವಾರ ಒಹಾಯೊದ ಕಿಂಗ್ಸ್ ಐಲ್ಯಾಂಡ್‌ಗೆ ಹೋಗಿ ಬೀಗ ನೋಡಿಕೊಂಡು ಬರುವವರು ಇದ್ದೇ ಇದ್ದಾರೆ. ಪ್ರತಿ ಪಾರ್ಕ್‌ನ ಅಧಿಕೃತ ಕ್ಯಾಲೆಂಡರ್ ತೆರೆದು, ನೀವು ಹೋಗುವ ದಿನದ ಆರಂಭ ಮತ್ತು ಮುಕ್ತಾಯದ ಸಮಯ ಬರೆದುಕೊಂಡ ಮೇಲಷ್ಟೇ ಹೋಟೆಲ್ ಬುಕ್ ಮಾಡಿ.

ಜನಸಂದಣಿಯ ಲೆಕ್ಕ ಶಾಲೆಗಳದ್ದು. ದಕ್ಷಿಣದ ಅನೇಕ ರಾಜ್ಯಗಳಲ್ಲಿ ಶಾಲೆ ಆಗಸ್ಟ್ ಆರಂಭದಲ್ಲೇ ಶುರು. ಈಶಾನ್ಯದಲ್ಲಿ ಸೆಪ್ಟೆಂಬರ್‌ನ ಮೊದಲ ಸೋಮವಾರದ ಲೇಬರ್ ಡೇ ಕಳೆದ ಮೇಲೆ. ನ್ಯೂಜೆರ್ಸಿಯ ಕುಟುಂಬವೊಂದು ಆಗಸ್ಟ್ ಕೊನೆಯ ವಾರ ಒರ್ಲಾಂಡೊಗೆ ಹೋದರೆ, ಬಿಸಿಲು ಸುಟ್ಟರೂ ಕ್ಯೂ ಚಿಕ್ಕದಿರುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಮಾರ್ಚ್‌ನ ಶಾಲಾ ರಜೆಯಾದ ಸ್ಪ್ರಿಂಗ್ ಬ್ರೇಕ್, ಈಸ್ಟರ್ ಸುತ್ತಮುತ್ತ: ಈ ಮೂರನ್ನು ಸಾಧ್ಯವಿದ್ದರೆ ಬಿಟ್ಟುಬಿಡಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕೆಲವು ಸಂಜೆ ಡಿಸ್ನಿ ವರ್ಲ್ಡ್‌ನ ನಾಲ್ಕು ಪಾರ್ಕ್‌ಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಬೇರೆ ಟಿಕೆಟ್‌ನ ಹ್ಯಾಲೋವೀನ್ ಪಾರ್ಟಿ ಇರುತ್ತದೆ, ಸಾಮಾನ್ಯ ಟಿಕೆಟ್‌ನವರು ಸಂಜೆ ಆರಕ್ಕೇ ಹೊರಬರಬೇಕು. ಪಟಾಕಿ ಪ್ರದರ್ಶನ ತಪ್ಪುತ್ತದೆಂದು ಬಹಳ ಜನ ಆ ದಿನ ಬರುವುದಿಲ್ಲ. ಪಟಾಕಿಗಿಂತ ರೈಡ್ ಮುಖ್ಯವೆನ್ನುವವರಿಗೆ ಅದು ಒಳ್ಳೆಯ ದಿನ.

ದಾರಿ ಹಾಕುವ ಬಗೆ

ಕಾರು ಓಡಿಸುವ ದಿನ ಮತ್ತು ಪಾರ್ಕ್ ದಿನ ಒಂದೇ ಆಗಬಾರದು. ಬೆಳಗ್ಗೆ ಮೂರು ಗಂಟೆ ಓಡಿಸಿ ಹನ್ನೊಂದಕ್ಕೆ ಪಾರ್ಕ್ ತಲುಪಿದರೆ, ಕ್ಯೂ ಚಿಕ್ಕದಿದ್ದ ಒಳ್ಳೆಯ ಹೊತ್ತು ಹೆದ್ದಾರಿಯಲ್ಲೇ ಕಳೆದುಹೋಗಿರುತ್ತದೆ. ಹಿಂದಿನ ರಾತ್ರಿಯೇ ಪಾರ್ಕ್‌ನಿಂದ ಹದಿನೈದು ನಿಮಿಷದೊಳಗಿನ ಹೋಟೆಲ್ ಸೇರಿ. ಚಿಕ್ಕ ಮಕ್ಕಳಿದ್ದರೆ ದಿನಕ್ಕೆ 300 ಮೈಲಿ ಸಾಕು. ಮ್ಯಾಪ್ ತೋರಿಸುವ ಸಮಯಕ್ಕೆ ಕಾಲು ಭಾಗ ಸೇರಿಸಿ; ಊಟ, ಶೌಚ, ಪೆಟ್ರೋಲ್ ಎಲ್ಲಕ್ಕೂ ಸಮಯ ಬೇಕು.

ಮಧ್ಯಪಶ್ಚಿಮದ ಒಂದು ಮಾದರಿ ದಾರಿ ನೋಡಿ. ಈರಿ ಸರೋವರದ ದಂಡೆಯ ಸ್ಯಾಂಡಸ್ಕಿಯಲ್ಲಿ ಸೀಡರ್ ಪಾಯಿಂಟ್. ಅಲ್ಲಿಂದ ಸುಮಾರು 200 ಮೈಲಿ, ಬಹುಪಾಲು ಐ-71 ಹೆದ್ದಾರಿಯಲ್ಲಿ, ಸಿನ್ಸಿನಾಟಿ ಬಳಿಯ ಕಿಂಗ್ಸ್ ಐಲ್ಯಾಂಡ್. ಮತ್ತೆ ಹೆಚ್ಚುಕಡಿಮೆ ಅಷ್ಟೇ ದೂರ ಲೂಯಿವಿಲ್ ದಾಟಿ ಐ-64ರಲ್ಲಿ ಹೋದರೆ ಸಾಂತಾ ಕ್ಲಾಸ್ ಎಂಬ ಹೆಸರಿನ ಊರು, ಅಲ್ಲಿ ಹಾಲಿಡೇ ವರ್ಲ್ಡ್. 1946ರಲ್ಲಿ ಶುರುವಾದ ಈ ಪಾರ್ಕ್‌ನಲ್ಲಿ ಪಾರ್ಕಿಂಗ್, ತಂಪು ಪಾನೀಯ, ಸನ್‌ಸ್ಕ್ರೀನ್ ಎಲ್ಲ ಉಚಿತ, ಜೊತೆಗೆ ವಾಟರ್ ಪಾರ್ಕ್ ಕೂಡ ಅದೇ ಟಿಕೆಟ್‌ನಲ್ಲಿ. ಕುಟುಂಬಗಳಿಗೆ ಇಷ್ಟು ಧಾರಾಳವಾದ ಪಾರ್ಕ್ ಅಮೆರಿಕದಲ್ಲಿ ಅಪರೂಪ. ಒಂದು ಎಚ್ಚರ: ಲೂಯಿವಿಲ್ ಈಸ್ಟರ್ನ್ ಸಮಯದಲ್ಲಿದೆ, ಹಾಲಿಡೇ ವರ್ಲ್ಡ್ ಒಂದು ಗಂಟೆ ಹಿಂದಿರುವ ಸೆಂಟ್ರಲ್ ಸಮಯದಲ್ಲಿದೆ. ಹೋಗುವಾಗ ಒಂದು ಗಂಟೆ ಸಿಗುತ್ತದೆ, ಬರುವಾಗ ಕೈತಪ್ಪುತ್ತದೆ. ಮುಂದೆ ಡಾಲಿವುಡ್‌ಗೆ ಹೋಗುವುದಾದರೆ 350 ಮೈಲಿ ಆಸುಪಾಸು. ಕಳೆದುಕೊಳ್ಳುವ ಆ ಗಂಟೆಯೂ ಸೇರಿ ಇಡೀ ದಿನ ಕಾರಿಗೇ ಮೀಸಲಿಡಿ. ಐ-40ರ 407ನೇ ಎಕ್ಸಿಟ್‌ನಿಂದ ಡಾಲಿವುಡ್ ಇರುವ ಪಿಜನ್ ಫೋರ್ಜ್‌ವರೆಗೆ ಶನಿವಾರ ಮಧ್ಯಾಹ್ನ ವಾಹನಗಳು ತೆವಳುತ್ತವೆ.

ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಬೇರೆ. ಡಿಸ್ನಿಲ್ಯಾಂಡ್, ನಾಟ್ಸ್ ಬೆರಿ ಫಾರ್ಮ್ ಪಕ್ಕಪಕ್ಕದ ಊರುಗಳಲ್ಲಿವೆ. ಲೆಗೋಲ್ಯಾಂಡ್ ದಕ್ಷಿಣಕ್ಕೆ, ಮ್ಯಾಜಿಕ್ ಮೌಂಟನ್ ಉತ್ತರಕ್ಕೆ. ಡಿಸ್ನಿಲ್ಯಾಂಡ್ ಇರುವ ಅನಾಹೈಮ್‌ನಲ್ಲೇ ತಳವೂರಿ ಓಡಾಡಿ, ಪ್ರತಿ ರಾತ್ರಿ ಹೋಟೆಲ್ ಬದಲಿಸಬೇಡಿ. ಒರ್ಲಾಂಡೊಗೂ ಇದೇ ಮಾತು. ಅಟ್ಲಾಂಟಾದಿಂದ ಅಲ್ಲಿಗೆ 440 ಮೈಲಿ; ಅಟ್ಲಾಂಟಾ ನಗರವನ್ನು ಬೆಳಗ್ಗೆ ಆರರೊಳಗೆ ದಾಟಿ. ಒರ್ಲಾಂಡೊದ ಐ-4ರಲ್ಲಿ ಮಧ್ಯಾಹ್ನ ಮೂರರಿಂದ ಏಳರವರೆಗೆ ಸಿಲುಕಿಕೊಳ್ಳಬೇಡಿ.

ಟಿಕೆಟ್

ಡಿಸ್ನಿ ವರ್ಲ್ಡ್‌ನ ಒಂದು ದಿನದ ಬೆಲೆ ದಿನಾಂಕ ಮತ್ತು ಪಾರ್ಕ್ ನೋಡಿ ಬದಲಾಗುತ್ತದೆ: 119 ಡಾಲರ್‌ನಿಂದ ಶುರುವಾಗಿ ರಜೆಯ ವಾರದಲ್ಲಿ 200ರ ಆಸುಪಾಸು. ಮೂರು ವರ್ಷದೊಳಗಿನವರಿಗೆ ಉಚಿತ. ಹತ್ತು ತುಂಬಿದವರು ದೊಡ್ಡವರ ಲೆಕ್ಕ. ಹೆಚ್ಚು ದಿನದ ಟಿಕೆಟ್ ತೆಗೆದಷ್ಟೂ ದಿನದ ಸರಾಸರಿ ಇಳಿಯುತ್ತದೆ. ಒಂದೇ ದಿನ ಎರಡು ಪಾರ್ಕ್ ಸುತ್ತುವ ಹಾಪರ್ ಟಿಕೆಟ್‌ಗೆ ಡಿಸ್ನಿಲ್ಯಾಂಡ್‌ನಲ್ಲಿ ಅರ್ಥವಿದೆ, ಎರಡು ಪಾರ್ಕ್‌ಗಳ ಗೇಟು ಎದುರುಬದುರು. ಫ್ಲೋರಿಡಾದಲ್ಲಿ ನಾಲ್ಕು ಪಾರ್ಕ್‌ಗಳೂ ಮೈಲಿಗಟ್ಟಲೆ ದೂರ, ಚಿಕ್ಕ ಮಕ್ಕಳೊಂದಿಗೆ ಅದು ದಂಡ.

ಕ್ಯೂ ತಪ್ಪಿಸುವ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಡಿಸ್ನಿ ವರ್ಲ್ಡ್‌ನ ಹೋಟೆಲ್‌ನಲ್ಲಿ ತಂಗುವವರಿಗೆ ಏಳು ದಿನ ಮೊದಲು, ಉಳಿದವರಿಗೆ ಮೂರು ದಿನ ಮೊದಲು, ಈಸ್ಟರ್ನ್ ಸಮಯ ಬೆಳಗ್ಗೆ ಏಳಕ್ಕೆ ತೆರೆಯುತ್ತದೆ. ಮೊದಲು ಮೂರು ರೈಡ್ ಆರಿಸಬಹುದು, ಒಂದನ್ನು ಬಳಸಿದ ಮೇಲೆ ಇನ್ನೊಂದು. ಎಲ್ಲ ದಿನಕ್ಕೂ ಕೊಳ್ಳಬೇಕಿಲ್ಲ; ಮ್ಯಾಜಿಕ್ ಕಿಂಗ್‌ಡಮ್ ದಿನಕ್ಕೆ ಕೊಂಡರೆ ಹಣ ಸಾರ್ಥಕ. ಸಿಕ್ಸ್ ಫ್ಲ್ಯಾಗ್ಸ್ ಮತ್ತು (ಸೀಡರ್ ಪಾಯಿಂಟ್, ಕಿಂಗ್ಸ್ ಐಲ್ಯಾಂಡ್, ನಾಟ್ಸ್ ನಡೆಸುತ್ತಿದ್ದ) ಸೀಡರ್ ಫೇರ್ ಕಂಪನಿಗಳು 2024ರ ಜುಲೈನಲ್ಲಿ ಒಂದಾದವು. ಹಾಗಾಗಿ ಅವುಗಳ ಎರಡು ಪಾರ್ಕ್ ನೋಡುವವರು ಬಿಡಿ ಟಿಕೆಟ್ ಕೊಳ್ಳುವ ಮೊದಲು ಸೀಸನ್ ಪಾಸ್‌ನ ಬೆಲೆ ನೋಡಿ. ಆ ಪಾಸ್ ಯಾವ ಯಾವ ಪಾರ್ಕ್‌ಗೆ ನಡೆಯುತ್ತದೆ, ಪಾರ್ಕಿಂಗ್ ಸೇರಿದೆಯೇ ಎಂಬ ಎರಡು ಸಾಲನ್ನು ಓದದೆ ಹಣ ಕಟ್ಟಬೇಡಿ. ರಸ್ತೆಬದಿಯಲ್ಲಿ ಅರ್ಧ ಬಳಸಿದ ಟಿಕೆಟ್ ಮಾರುವವರನ್ನು ದೂರವಿಡಿ. ಇನ್ನೊಬ್ಬರ ಹೆಸರಿನ ಟಿಕೆಟ್ ಗೇಟಿನಲ್ಲಿ ನಡೆಯುವುದಿಲ್ಲ.

ಕಾರು

ಮಕ್ಕಳ ಸೀಟಿನ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಎಲ್ಲೆಡೆ ನಡೆಯುವ ಸುರಕ್ಷಿತ ಸೂತ್ರ: ಎರಡು ವರ್ಷದವರೆಗೆ ಹಿಂದಕ್ಕೆ ಮುಖ ಮಾಡಿದ ಸೀಟು, ಆಮೇಲೆ ಬೆಲ್ಟ್ ಇರುವ ಮುಂಮುಖ ಸೀಟು, 4 ಅಡಿ 9 ಇಂಚು ಆಗುವವರೆಗೆ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು. ಬಾಡಿಗೆ ಕಂಪನಿಯ ಸೀಟು ದಿನದ ಲೆಕ್ಕದಲ್ಲಿ ದುಬಾರಿ, ಸ್ಥಿತಿಯೂ ಗ್ಯಾರಂಟಿಯಿಲ್ಲ. ಸ್ವಂತದ್ದನ್ನೇ ಒಯ್ಯಿರಿ.

ಪೆನ್ಸಿಲ್ವೇನಿಯಾ ಟರ್ನ್‌ಪೈಕ್‌ನಲ್ಲೂ ಫ್ಲೋರಿಡಾದ ಅನೇಕ ಟೋಲ್ ರಸ್ತೆಗಳಲ್ಲೂ ನಗದು ತೆಗೆದುಕೊಳ್ಳುವುದಿಲ್ಲ; ನಂಬರ್ ಪ್ಲೇಟ್ ಫೋಟೊ ತೆಗೆದು ಬಿಲ್ ಕಳಿಸುತ್ತಾರೆ, ಆ ದರ ಹೆಚ್ಚು. ಬಾಡಿಗೆ ಕಾರಾದರೆ ಟೋಲ್ ಮೇಲೆ ಕಂಪನಿಯ ದಿನವಹಿ ಶುಲ್ಕವೂ ಬೀಳುತ್ತದೆ. ಸ್ವಂತ ಇ-ಜೀಪಾಸ್ (ನಮ್ಮ ಫಾಸ್ಟ್‌ಟ್ಯಾಗ್‌ನಂಥ ಟೋಲ್ ಸಾಧನ) ಇದ್ದರೆ ಬಾಡಿಗೆ ಕಾರಿನ ನಂಬರನ್ನು ಆ ದಿನಗಳಿಗೆ ಖಾತೆಗೆ ಸೇರಿಸಿ. ಈಶಾನ್ಯದ ಇ-ಜೀಪಾಸ್ ಫ್ಲೋರಿಡಾದಲ್ಲೂ ನಡೆಯುತ್ತದೆ. ಪ್ರವಾಸ ಮುಗಿದ ಮೇಲೆ ಆ ನಂಬರ್ ತೆಗೆಯಲು ಮರೆತರೆ ಮುಂದಿನ ಬಾಡಿಗೆದಾರರ ಟೋಲ್ ನಿಮ್ಮ ತಲೆಗೆ.

ಪಾರ್ಕ್‌ನ ದಿನ

ತೆರೆಯುವ ಸಮಯಕ್ಕೆ 45 ನಿಮಿಷ ಮೊದಲು ಗೇಟಿನಲ್ಲಿರಿ. ಮ್ಯಾಜಿಕ್ ಕಿಂಗ್‌ಡಮ್‌ಗೆ ಇನ್ನೂ ಅರ್ಧ ಗಂಟೆ ಮುಂಚೆ: ಕಾರು ನಿಲ್ಲಿಸಿದ ಜಾಗದಿಂದ ಪಾರ್ಕ್‌ಗೆ ಮೋನೋರೈಲ್ ಅಥವಾ ಫೆರಿ ಹಿಡಿದು ಸರೋವರ ಸುತ್ತಿ ಹೋಗಬೇಕು. ಕಾರು ನಿಲ್ಲಿಸಿದ ಸಾಲಿನ ಫೋಟೊ ತೆಗೆಯಿರಿ, ಗಂಟೆಯನ್ನೂ ಬರೆದುಕೊಳ್ಳಿ. ಯಾವ ಹೊತ್ತಿಗೆ ಯಾವ ಸಾಲು ತುಂಬಿತು ಎಂಬ ಲೆಕ್ಕ ಡಿಸ್ನಿ ಸಿಬ್ಬಂದಿಯ ಬಳಿ ಇರುವುದರಿಂದ, ರಾತ್ರಿ ಕಾರು ಸಿಗದಿದ್ದರೆ ಬಂದ ಸಮಯ ಹೇಳಿದರೂ ಹುಡುಕಿಕೊಡುತ್ತಾರೆ.

ಮೊದಲ ಎರಡು ಗಂಟೆ ದೊಡ್ಡ ರೈಡ್‌ಗಳಿಗೆ. ಹನ್ನೊಂದರ ನಂತರ ಕ್ಯೂ ಉಬ್ಬುತ್ತದೆ. ಆಗ ಏಸಿಯ ಒಳಾಂಗಣ ಪ್ರದರ್ಶನ, ಬೇಗನೆ ಊಟ. ಪುಟ್ಟ ಮಕ್ಕಳಿದ್ದರೆ ಮಧ್ಯಾಹ್ನ ಒಂದಕ್ಕೆ ಹೋಟೆಲ್‌ಗೆ ಮರಳಿ ಮಲಗಿಸಿ, ಐದಕ್ಕೆ ವಾಪಸ್ ಬನ್ನಿ. ಇದೊಂದನ್ನು ಪಾಲಿಸಿದರೂ ಸಂಜೆಯ ಅರ್ಧ ಜಗಳಗಳು ಹುಟ್ಟುವುದೇ ಇಲ್ಲ.

ಒಂದು ಮಗು ಚಿಕ್ಕದಿದ್ದು ಅಪ್ಪ ಅಮ್ಮ ಇಬ್ಬರಿಗೂ ದೊಡ್ಡ ರೈಡ್ ಬೇಕಿದ್ದರೆ ಸರದಿ ಬದಲಿಯ ಸೌಲಭ್ಯವಿದೆ. ಡಿಸ್ನಿಯಲ್ಲಿ ಅದು ರೈಡರ್ ಸ್ವಿಚ್. ಇಡೀ ಕುಟುಂಬ ಕ್ಯೂ ಆರಂಭದ ಸಿಬ್ಬಂದಿಯ ಬಳಿ ಹೋಗಿ, ಚಿಕ್ಕ ಮಗುವನ್ನು ತೋರಿಸಿ ಕೇಳಬೇಕು. ಅಪ್ಪ ದೊಡ್ಡ ಮಗುವಿನೊಂದಿಗೆ ಕ್ಯೂ ಸೇರುತ್ತಾರೆ. ಅಮ್ಮನ ಟಿಕೆಟ್ ಸ್ಕ್ಯಾನ್ ಮಾಡುತ್ತಾರೆ, ಅವರು ಚಿಕ್ಕ ಮಗುವಿನೊಂದಿಗೆ ಎಲ್ಲಾದರೂ ಸುತ್ತಬಹುದು. ಅಪ್ಪ ಬಂದ ಮೇಲೆ ಅಮ್ಮ ಲೈಟ್ನಿಂಗ್ ಲೇನ್ ಮೂಲಕ ನೇರ ಒಳಗೆ. ಯೂನಿವರ್ಸಲ್‌ನಲ್ಲಿ ಕ್ರಮ ಬೇರೆ: ಎಲ್ಲರೂ ಒಟ್ಟಿಗೆ ಕ್ಯೂ ದಾಟಿ, ರೈಡ್ ಹತ್ತುವ ಜಾಗದ ಪಕ್ಕದ ಕೋಣೆಯಲ್ಲಿ ಒಬ್ಬರು ಮಗುವಿನೊಂದಿಗೆ ಕಾಯಬೇಕು. ಅಲ್ಲಿಗೆ ಹೋಗುವ ಮೊದಲೇ ಮಗುವಿಗೆ ಶೌಚ ಮಾಡಿಸಿ, ತಿನ್ನಲು ಏನಾದರೂ ಕೈಯಲ್ಲಿಟ್ಟುಕೊಳ್ಳಿ.

ಊಟದ ನಿಯಮ ಪಾರ್ಕ್‌ಗೊಂದು. ಡಿಸ್ನಿ ಮನೆಯ ತಿಂಡಿ ಒಳಬಿಡುತ್ತದೆ. ಗಾಜಿನ ಪಾತ್ರೆ, ಬಿಡಿ ಐಸ್ ಬಿಡುವುದಿಲ್ಲ, ಜೆಲ್ ಪ್ಯಾಕ್ ಪರವಾಗಿಲ್ಲ. ಅಲ್ಲಿನ ಕೌಂಟರ್ ಹೋಟೆಲ್‌ಗಳಲ್ಲಿ ಕೇಳಿದರೆ ಐಸ್ ನೀರು ಉಚಿತ. ಮೆನುವಿನಲ್ಲಿ ಎಲೆಯ ಗುರುತಿದ್ದರೆ ಆ ತಿನಿಸು ಪೂರ್ತಿ ಸಸ್ಯಜನ್ಯ. ಸಿಕ್ಸ್ ಫ್ಲ್ಯಾಗ್ಸ್ ಬಳಗದ ಪಾರ್ಕ್‌ಗಳು ಹೊರಗಿನ ಊಟ ಬಿಡುವುದಿಲ್ಲ. ಕೂಲರ್ ಕಾರಿನಲ್ಲಿಟ್ಟು, ಕೈಗೆ ಮುದ್ರೆ ಹಾಕಿಸಿಕೊಂಡು ಹೊರಬಂದು ತಿನ್ನಿ. ಡಿಸ್ನಿಗೆ ಒಯ್ಯುವ ಸ್ಟ್ರೋಲರ್ 31 ಇಂಚು ಅಗಲ, 52 ಇಂಚು ಉದ್ದ ಮೀರಬಾರದು. ಎಳೆಯುವ ವ್ಯಾಗನ್‌ಗೆ ಪ್ರವೇಶವಿಲ್ಲ.

ಎಡವಟ್ಟು ಆಗುವ ಜಾಗಗಳು

ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗು ಮಳೆ ನಿತ್ಯದ ಸಂಗತಿ. ಹತ್ತಿರದಲ್ಲಿ ಮಿಂಚು ಕಂಡರೆ ಹೊರಾಂಗಣ ರೈಡ್‌ಗಳೆಲ್ಲ ನಿಲ್ಲುತ್ತವೆ. ಹಣ ವಾಪಸ್ ನಿರೀಕ್ಷಿಸಬೇಡಿ. ಮೈಮೇಲೆ ಹಾಕಿಕೊಳ್ಳುವ ಮಳೆ ಹೊದಿಕೆ ಪಾಂಚೋಗಳನ್ನು ಮೊದಲೇ ಕೊಂಡಿಟ್ಟುಕೊಂಡು ಒಳಾಂಗಣ ರೈಡ್‌ಗೆ ನುಗ್ಗಿ. ಮಳೆಗೆ ಅರ್ಧ ಜನ ಹೊರಟುಹೋಗುತ್ತಾರೆ, ನಿಂತ ಮೇಲಿನ ಒಂದು ಗಂಟೆಯಲ್ಲಿ ಬೆಳಗಿನಷ್ಟೇ ರೈಡ್ ಸಿಗುತ್ತದೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಆ ತಿಂಗಳುಗಳಲ್ಲಿ ರದ್ದು ಮಾಡಬಹುದಾದ ಹೋಟೆಲ್ ದರವನ್ನೇ ಆರಿಸಿ, ಸ್ವಲ್ಪ ಹೆಚ್ಚಾದರೂ ಸರಿ. ಸೀಡರ್ ಪಾಯಿಂಟ್‌ನಲ್ಲಿ ಶತ್ರು ಸರೋವರದ ಗಾಳಿ. ಜೋರು ಬೀಸಿದರೆ ಎತ್ತರದ ಕೋಸ್ಟರ್‌ಗಳು ನಿಲ್ಲುತ್ತವೆ, ಹಾಗಾಗಿ ಅಲ್ಲಿಗೆ ಎರಡು ದಿನ ಇಟ್ಟುಕೊಂಡರೆ ನೆಮ್ಮದಿ.

ಬೆಳಗ್ಗೆ ಗೇಟಿನ ಮುಂದೆ ಪ್ರತಿ ಮಗುವಿನ ಪೂರ್ಣ ಫೋಟೊ ತೆಗೆಯಿರಿ, ಬಟ್ಟೆಯ ಬಣ್ಣ ಕಾಣುವಂತೆ. ಮೊಣಕೈ ಕೆಳಗೆ ಪೆನ್ನಿನಿಂದ ನಿಮ್ಮ ಅಮೆರಿಕದ ಫೋನ್ ನಂಬರ್ ಬರೆಯಿರಿ. ತಪ್ಪಿಸಿಕೊಂಡರೆ ಹೆಸರಿನ ಬ್ಯಾಡ್ಜ್ ಹಾಕಿದವರ ಬಳಿ ಹೋಗಬೇಕೆಂದು ಮಕ್ಕಳಿಗೆ ಹೇಳಿಕೊಡಿ. ಅಂಥ ಒಬ್ಬರನ್ನು ಒಳಹೊಕ್ಕ ಕೂಡಲೇ ಬೆರಳಿಟ್ಟು ತೋರಿಸಿ. ಮಗು ಕಾಣದಿದ್ದರೆ ನೀವೇ ಹತ್ತು ನಿಮಿಷ ಹುಡುಕುತ್ತ ಕೂರಬೇಡಿ, ಹತ್ತಿರದ ಸಿಬ್ಬಂದಿಗೆ ತಕ್ಷಣ ಆ ಫೋಟೊ ತೋರಿಸಿ.

ನಿಲ್ಲಿಸಿದ ಕಾರಿನಲ್ಲಿ ಔಷಧಿ, ಸನ್‌ಸ್ಕ್ರೀನ್, ಮೇಣದ ಬಳಪ (ಕ್ರೇಯಾನ್) ಬಿಡಬೇಡಿ. ಬಿಸಿಲಿಗೆ ಔಷಧಿ ಕೆಡುತ್ತದೆ, ಬಳಪ ಕರಗಿ ಸೀಟಿಗೆ ಅಂಟುತ್ತದೆ. ಪಾರ್ಕ್ ಮುಗಿಸಿದ ರಾತ್ರಿ ಮುಂದಿನ ಊರಿಗೆ ಓಡಿಸುವ ಯೋಚನೆಯೂ ಬೇಡ. ಹತ್ತು ಹನ್ನೆರಡು ಗಂಟೆ ನಡೆದ ಮೇಲೆ ಹೆದ್ದಾರಿಯಲ್ಲಿ ನಿದ್ದೆ ಹತ್ತುವುದು ನಿಮಿಷಗಳ ಮಾತು. ಆ ರಾತ್ರಿ ಅದೇ ಹೋಟೆಲ್‌ನಲ್ಲಿ ಉಳಿಯಿರಿ, ಬೆಳಗ್ಗೆ ತಿಂಡಿ ಮುಗಿಸಿ ಹೊರಡಿ.