ಮೊದಲು ಹೇಳುವುದು ಗೆಳತಿಗೆ

ಲೈಂಗಿಕ ದೌರ್ಜನ್ಯದ ಬಗ್ಗೆ ಅರಿವು ಮೂಡಿಸಲು ಮೊದಲ ವರ್ಷ ನಾವು ಮಾಡಿದ್ದು ಎಲ್ಲಾ ಕಾಲೇಜುಗಳೂ ಮಾಡುವಂಥ ಕಾರ್ಯಕ್ರಮವನ್ನೇ. ಸಭಾಂಗಣದಲ್ಲಿ ಬ್ಯಾನರ್, ಪ್ರಾರ್ಥನೆ, ದೀಪ, ಅತಿಥಿಗಳಿಗೆ ಶಾಲು. 400 ಹುಡುಗ ಹುಡುಗಿಯರನ್ನು ಕೂರಿಸಿದ್ದೆವು. ಬಂದಿದ್ದ ಅತಿಥಿ ಒಳ್ಳೆಯ ಮಾತುಗಾರರು. ‘ಪಕ್ಕದ ದುರ್ಗದ ಓಬವ್ವನ ರಕ್ತ ನಿಮ್ಮ ಮೈಯಲ್ಲೂ ಹರೀತಿದೆ, ಯಾರಾದ್ರೂ ಕೈ ಹಾಕಿದ್ರೆ ಒನಕೆ ಎತ್ತಿ’ ಅಂದರು. ಜೋರು ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಮಾರನೇ ದಿನ ಮಧ್ಯಾಹ್ನ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಬ್ಯಾಗನ್ನು ಎದೆಗೆ ಅವಚಿಕೊಂಡಿದ್ದಳು. ‘ಮೇಡಂ, ನನ್ನ ಫ್ರೆಂಡಿಗೆ ಹಿಂಗಾಗೈತಂತೆ’ ಅಂತ ಶುರು ಮಾಡಿದಳು. ಮಾತಾಡುತ್ತಾ ಬ್ಯಾಗಿನ ಚೈನನ್ನು ಎಳೆಯುವುದು, ಮತ್ತೆ ಮುಚ್ಚುವುದು ಮಾಡುತ್ತಿದ್ದಳು. ನಾಲ್ಕು ಮಾತು ಆಗುವಷ್ಟರಲ್ಲಿ ಅದು ಫ್ರೆಂಡ್ ಅಲ್ಲ, ಅವಳೇ ಅಂತ ನನಗೆ ಗೊತ್ತಾಯಿತು. ಆಗ ನನ್ನ ಬಾಯಿಂದ ಬಂದ ಮೊದಲ ಮಾತು: ‘ಅಷ್ಟೊತ್ತಲ್ಲಿ ಅಲ್ಲಿಗೆ ಯಾಕವ್ವ ಹೋಗಿದ್ದು?’

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಮ್ಮ ಮನೆಗಳಲ್ಲಿ ಮೊದಲು ಕೇಳುವುದೇ ಇದನ್ನ. ಆದರೆ ಚೈನು ಎಳೆಯುತ್ತಿದ್ದ ಕೈ ಅಲ್ಲಿಗೇ ನಿಂತಿತು. ‘ಏನಿಲ್ಲ ಮೇಡಂ, ಸುಮ್ನೆ ಕೇಳ್ದೆ’ ಅಂದು ಹೊರಟುಬಿಟ್ಟಳು. ಹಿಂದೆಯೇ ಹೋದೆ. ಮರುದಿನ ಕ್ಲಾಸಿನಿಂದ ಕರೆಸಿದೆ. ‘ಏನಿಲ್ಲ’ ಅನ್ನುವುದು ಬಿಟ್ಟು ಬೇರೆ ಮಾತು ಬರಲಿಲ್ಲ. ಮುಂದಿನ ಸೆಮಿಸ್ಟರ್‌ಗೆ ಅವಳು ಬರಲಿಲ್ಲ. ಮದುವೆ ಮಾಡಿದರಂತೆ. ಆ ಒಂದು ಪ್ರಶ್ನೆಯನ್ನು ನುಂಗಿಕೊಂಡಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಎಷ್ಟೋ ರಾತ್ರಿ ಅನ್ನಿಸುತ್ತದೆ.

ನಾನು ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಆಗಷ್ಟೇ ನನ್ನನ್ನು ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಗೆ ಸೇರಿಸಿದ್ದರು. ಸಮಿತಿ ಅಂದರೆ ವರ್ಷಕ್ಕೊಮ್ಮೆ ಸಹಿ ಹಾಕುವ ಒಂದು ಫೈಲು ಅಂತಲೇ ನಾನೂ ತಿಳಿದಿದ್ದೆ. ಆ ಹುಡುಗಿ ಹೋದ ಮೇಲೆ ನಮ್ಮ ಬೋರ್ಡ್ ಎಲ್ಲಿದೆ ಅಂತ ಹುಡುಕಿದೆ. ಮೆಟ್ಟಿಲ ಕೆಳಗೆ, ಮುರಿದ ಬೆಂಚುಗಳ ಹಿಂದೆ ಇತ್ತು. ಅದರಲ್ಲಿದ್ದ ಮೊದಲ ಫೋನ್ ನಂಬರ್ ಎರಡು ವರ್ಷದ ಹಿಂದೆ ನಿವೃತ್ತರಾದವರದ್ದು.

ಬೋರ್ಡ್ ಬದಲಾಯಿಸಿದ್ದು ಸುಲಭದ ಕೆಲಸ. ಹುಡುಗಿಯರ ವೇಟಿಂಗ್ ರೂಮಿನ ಒಳಗೆ, ಶೌಚಾಲಯದ ಬಾಗಿಲ ಹಿಂದೆ, ನೀರಿನ ಫಿಲ್ಟರ್ ಹತ್ತಿರ ಚಿಕ್ಕ ಚಿಕ್ಕ ಹಾಳೆ ಅಂಟಿಸಿದೆವು. ನಿಂತು ಓದಿದರೆ ಬೇರೆಯವರಿಗೆ ಕಾಣಬಾರದು, ಅಂಥ ಜಾಗ ಆಗಬೇಕು.

ಕಷ್ಟವಾದದ್ದು ಮಾತು. 400 ಜನರ ಸಭೆಯನ್ನು ಬಿಟ್ಟೆವು. 30 ಜನರ ಗುಂಪು, ಕೊನೆಯ ಪೀರಿಯಡ್, ಮೈಕ್ ಇಲ್ಲ. ಜಗಳೂರು, ಚನ್ನಗಿರಿ, ಹರಪನಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳೇ ನಮ್ಮಲ್ಲಿ ಜಾಸ್ತಿ. ಬಸ್ಸು ತಪ್ಪಿದರೆ ಮನೆಯಲ್ಲಿ ಬೈಗುಳ. ಹಾಗಾಗಿ 40 ನಿಮಿಷಕ್ಕೆ ಮುಗಿಸಲೇಬೇಕಿತ್ತು. ಮೊದಲು ಹುಡುಗಿಯರು ಬೇರೆ, ಹುಡುಗರು ಬೇರೆ. ಎರಡು ಸುತ್ತು ಆದಮೇಲೆ ಒಟ್ಟಿಗೆ.

ಪ್ರತಿ ಗುಂಪಿನಲ್ಲೂ ಎಲ್ಲರಿಗೂ ಒಂದೊಂದು ಖಾಲಿ ಚೀಟಿ ಹಂಚುತ್ತಿದ್ದೆ. ಹೆಸರು ಬರೆಯಬೇಡಿ, ಏನೂ ಬರೆಯಲಿಕ್ಕೆ ಇಲ್ಲದಿದ್ದರೆ ಒಂದು ಗೆರೆ ಎಳೆದಾದರೂ ಮಡಚಿ ಡಬ್ಬಿಗೆ ಹಾಕಿ ಅಂತ ಹೇಳುತ್ತಿದ್ದೆ. ಎಲ್ಲರೂ ಹಾಕಿದರೆ ಯಾರು ಬರೆದರು ಅಂತ ಗೊತ್ತಾಗುವುದಿಲ್ಲ ಅಲ್ವಾ. ಕೇಳಿದ್ದು ಎರಡೇ ಪ್ರಶ್ನೆ. ನಿಮಗೆ ಹೀಗಾದರೆ ಮೊದಲು ಯಾರಿಗೆ ಹೇಳುತ್ತೀರಿ? ಹೇಳದೇ ಇದ್ದರೆ ಯಾಕೆ?

ಮೊದಲನೆಯದಕ್ಕೆ ಬಂದ ಉತ್ತರ ಹೆಚ್ಚಾಗಿ ‘ಫ್ರೆಂಡ್’. ಕೆಲವರು ಅಕ್ಕ, ಕೆಲವರು ಅವ್ವ. ಸಮಿತಿ ಅಂತ ಬರೆದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಎರಡನೆಯದಕ್ಕೆ ಬೇರೆ ಬೇರೆ ಕೈಬರಹದಲ್ಲಿ ಮತ್ತೆ ಮತ್ತೆ ಬಂದದ್ದು ಒಂದೇ ಮಾತು: ‘ಕಾಲೇಜು ಬಿಡಿಸ್ತಾರೆ.’ ನಾವು ನಾಚಿಕೆ, ಮಾನ ಅಂತೆಲ್ಲಾ ಅಂದುಕೊಂಡಿದ್ದೆವು. ಅದೂ ಇತ್ತು. ಆದರೆ ಈ ಮಕ್ಕಳ ನಿಜವಾದ ಲೆಕ್ಕ ಬೇರೆ. ಬಾಯಿ ಬಿಟ್ಟರೆ ಬಸ್ ಪಾಸ್ ಹೋಗುತ್ತದೆ, ಹಾಸ್ಟೆಲ್ ಹೋಗುತ್ತದೆ, ಡಿಗ್ರಿ ಹೋಗುತ್ತದೆ. ಬಾಯಿ ಮುಚ್ಚಿಕೊಂಡರೆ ಡಿಗ್ರಿಯಾದರೂ ಉಳಿಯುತ್ತದೆ.

ಆ ಚೀಟಿಗಳನ್ನು ಓದಿದ ಮೇಲೆ ನಾನು ದಾರಿ ಬದಲಾಯಿಸಿದೆ. ದೌರ್ಜನ್ಯಕ್ಕೆ ಒಳಗಾದವಳಿಗೆ ಪಾಠ ಹೇಳುವುದನ್ನು ಕಡಿಮೆ ಮಾಡಿ, ಅವಳು ಯಾರಿಗೆ ಹೇಳುತ್ತಾಳೋ ಆ ಗೆಳತಿಯನ್ನು ತಯಾರು ಮಾಡಲು ಹೊರಟೆ. ಕ್ಲಾಸಿನಲ್ಲಿ ಇಬ್ಬಿಬ್ಬರನ್ನು ಎದುರು ಬದುರು ಕೂರಿಸುತ್ತಿದ್ದೆ. ಒಬ್ಬಳು ಯಾವುದೋ ಕಷ್ಟ ಹೇಳಬೇಕು, ಪರ್ಸ್ ಕಳೆದ ಕತೆಯಾದರೂ ಸರಿ. ಇನ್ನೊಬ್ಬಳು ಎರಡು ನಿಮಿಷ ‘ಯಾಕೆ’ ಅನ್ನುವ ಪದವನ್ನೇ ಬಳಸಬಾರದು. ಯಾಕೆ ಹೋದೆ, ಯಾಕೆ ಸುಮ್ಮನಿದ್ದೆ, ಯಾಕೆ ಈಗ ಹೇಳ್ತಿದೀಯ, ಯಾವುದೂ ಇಲ್ಲ. ಎಷ್ಟು ಕಷ್ಟ ಅಂತ ಮಾಡಿ ನೋಡಿದರೇ ಗೊತ್ತಾಗುವುದು. ಅರ್ಧ ನಿಮಿಷಕ್ಕೇ ‘ಅಲ್ಲ ಕಣೇ, ನೀನು ಯಾಕೆ...’ ಅಂತ ಬಂದೇ ಬಿಡುತ್ತದೆ. ಎಲ್ಲರೂ ನಗುತ್ತಿದ್ದರು. ಆಮೇಲೆ ನಿಧಾನಕ್ಕೆ ನಗು ನಿಲ್ಲುತ್ತಿತ್ತು.

‘ಯಾಕೆ’ ಬದಲು ಏನು ಹೇಳಬೇಕು? ಮೂರು ಮಾತು ಕಲಿಸಿದೆ. ‘ನಿನ್ನ ಮಾತು ನಂಬ್ತೀನಿ.’ ‘ತಪ್ಪು ನಿಂದಲ್ಲ.’ ‘ಈಗ ಏನು ಮಾಡೋಣ, ನೀನೇ ಹೇಳು.’ ಮೂರನೆಯದು ತುಂಬಾ ಮುಖ್ಯ. ಅವಳ ಕೈಯಿಂದ ಒಂದು ಸಲ ಎಲ್ಲವನ್ನೂ ಕಿತ್ತುಕೊಂಡಾಗಿದೆ. ಸಹಾಯದ ಹೆಸರಲ್ಲಿ ನಾವೂ ಕಿತ್ತುಕೊಳ್ಳಬಾರದು.

ಓಬವ್ವನ ಮಾತಿಗೆ ಬರುತ್ತೇನೆ. ನನಗೆ ಓಬವ್ವನ ಬಗ್ಗೆ ಅಪಾರ ಗೌರವ. ಕೋಟೆಯ ಆ ಕಿಂಡಿಯ ಮುಂದೆ ನಿಂತಾಗಲೆಲ್ಲಾ ಮೈ ಜುಮ್ಮೆನ್ನುತ್ತದೆ. ಆದರೆ ಅವಳ ಮುಂದಿದ್ದದ್ದು ಹೈದರನ ಸೈನಿಕರು, ಶತ್ರು ಅಂತ ಸ್ಪಷ್ಟವಾಗಿ ಕಾಣುವವರು. ಈ ಮಕ್ಕಳ ಎದುರಿಗೆ ಇರುವುದು ಸೀನಿಯರ್, ಸಂಬಂಧಿಕ, ನೋಟ್ಸ್ ಕೊಡುವ ಮೇಷ್ಟ್ರು, ‘ಲವ್ ಮಾಡ್ತೀನಿ’ ಅಂದ ಹುಡುಗ. ಸರ್ಕಾರದ ಅಪರಾಧ ದಾಖಲೆಗಳಲ್ಲೂ ವರ್ಷ ವರ್ಷ ಇದೇ ಕಾಣುತ್ತದೆ. ಅತ್ಯಾಚಾರ ಪ್ರಕರಣಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಕಡೆ ಆರೋಪಿ ಅವಳಿಗೆ ಗೊತ್ತಿದ್ದವನೇ. ಗೊತ್ತಿದ್ದವನು ಹಾಗೆ ಮಾಡಿದಾಗ ಎಷ್ಟೋ ಜನರಿಗೆ ಕೈಕಾಲು ಆಡುವುದಿಲ್ಲ, ಗಂಟಲು ಕಟ್ಟುತ್ತದೆ. ಮೈ ಮರಗಟ್ಟುವುದು ಭಯಕ್ಕೆ ದೇಹ ಕೊಡುವ ಉತ್ತರ, ಹೇಡಿತನ ಅಲ್ಲ. ಒಂದು ಚೀಟಿಯಲ್ಲಿ ಹೀಗಿತ್ತು: ‘ನಾನು ಕಿರುಚಲಿಲ್ಲ ಮೇಡಂ. ಹಂಗಾದ್ರೆ ನಂದೂ ತಪ್ಪಾ?’ ವೇದಿಕೆಯ ಮೇಲೆ ನಾವು ಒನಕೆ ಎತ್ತಿ ಅಂದಾಗ ಈ ಹುಡುಗಿಗೆ ಏನು ಕೇಳಿಸಿರಬಹುದು ಅಂತ ಯೋಚನೆ ಮಾಡಿ.

ಆ ಚೀಟಿಗೆ ಉತ್ತರ ಕಾನೂನಿನಲ್ಲೇ ಇದೆ. ‘ಮೌನಂ ಸಮ್ಮತಿ ಲಕ್ಷಣಂ’ ಅಂತ ನಾವು ಮದುವೆ ಮಾತುಕತೆಯಲ್ಲೆಲ್ಲಾ ಹೇಳುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ನಿನ ಪ್ರಕಾರ ಒಪ್ಪಿಗೆ ಅಂದರೆ ಮಾತಿನಿಂದಲೋ ಸನ್ನೆಯಿಂದಲೋ ಸ್ಪಷ್ಟವಾಗಿ, ತಾನಾಗಿಯೇ ಕೊಟ್ಟ ಒಪ್ಪಿಗೆ. ಮೈಯಿಂದ ಎದುರಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದಳು ಅನ್ನುವಂತಿಲ್ಲ. ಮುಂದಿನ ವಾರ ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಅಷ್ಟೂ ಗುಂಪಿಗೆ ಓದಿ ಹೇಳಿದೆ. ಬರೆದವಳು ಯಾವ ಗುಂಪಿನಲ್ಲಿದ್ದಳೋ ಗೊತ್ತಿಲ್ಲ, ಕೇಳಿಸಿಕೊಂಡಿರಲಿ ಅನ್ನುವುದೇ ನನ್ನ ಆಸೆ.

ಹುಡುಗರ ಗುಂಪಿನಲ್ಲಿ ಮೊದಲ ದಿನವೇ ಒಬ್ಬ ಎದ್ದು ನಿಂತ. ‘ನಾವೆಲ್ಲಾ ಕೆಟ್ಟೋರು ಅಂತ ಹೇಳ್ತಿದೀರಾ ಮೇಡಂ?’ ‘ಇಲ್ಲಪ್ಪಾ, ನಿನ್ನಿಂದ ಸಹಾಯ ಕೇಳ್ತಿದೀನಿ’ ಅಂದೆ. ‘ನಿಮ್ಮ ಅಕ್ಕ ತಂಗಿ ಅಂದ್ಕೊಳ್ಳಿ’ ಅನ್ನುವ ಹಳೇ ಮಾತನ್ನು ನಾನು ಹೇಳುವುದಿಲ್ಲ. ಯಾರ ತಂಗಿಯೂ ಅಲ್ಲದಿದ್ದರೂ ಅವಳ ಮೈ ಅವಳದ್ದೇ. ಅದರ ಬದಲು ಅವರ ಫೋನಿನ ಮಾತು ತೆಗೆದೆ. ಗ್ರೂಪಿಗೆ ಒಂದು ಫೋಟೋ ಬರುತ್ತದೆ, ಹುಡುಗಿಯದ್ದು. ಅವಳೇ ಒಬ್ಬನಿಗೆ ನಂಬಿ ಕಳಿಸಿದ್ದೇ ಇರಬಹುದು. ತೆಗೆಯಲು ಒಪ್ಪಿದ್ದಳು ಅಂದರೆ ಹಂಚಲು ಒಪ್ಪಿದಳು ಅಂತಲ್ಲ, ಹಂಚಿದರೆ ಅಪರಾಧ ಅಂತ ಕಾನೂನು ಬಿಡಿಸಿ ಹೇಳುತ್ತದೆ. ಇದು ಅಷ್ಟು ಹುಡುಗರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೋಣೆ ಪೂರ್ತಿ ಸುಮ್ಮನಾಯಿತು. ಮೂರ್ನಾಲ್ಕು ಜನ ಅಲ್ಲೇ ಫೋನ್ ತೆಗೆದು ಏನೋ ಅಳಿಸಿದರು. ನಾನು ನೋಡದ ಹಾಗೆ ಇದ್ದೆ.

ಅದೇ ದಿನ ಹುಡುಗರ ಡಬ್ಬಿಯಲ್ಲಿ ಒಂದು ಚೀಟಿ ಬಂತು. ನಾಲ್ಕು ಮಡಿಕೆ ಮಾಡಿ ಗಟ್ಟಿಯಾಗಿ ಒತ್ತಿದ್ದ. ‘ನನಗೂ ಆಗಿದೆ, ಹಾಸ್ಟೆಲ್‌ನಲ್ಲಿದ್ದಾಗ. ಹುಡುಗರು ಎಲ್ಲಿಗೆ ಹೋಗ್ಬೇಕು?’ ಇದಕ್ಕೆ ನಾನು ತಯಾರಾಗಿರಲಿಲ್ಲ. ಆಮೇಲೆ ಓದಿಕೊಂಡೆ. 18 ತುಂಬದ ಮಕ್ಕಳಿಗೆ ರಕ್ಷಣೆ ಕೊಡುವ 2012ರ ಪೋಕ್ಸೋ ಕಾಯ್ದೆ ಹುಡುಗ, ಹುಡುಗಿ ಅಂತ ಭೇದ ಮಾಡುವುದಿಲ್ಲ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ 2016ರಲ್ಲಿ ಹೊರಡಿಸಿದ ನಿಯಮವೂ ಗಂಡು ಮಕ್ಕಳಿಗೆ, ತೃತೀಯ ಲಿಂಗಿಗಳಿಗೆ ಹೀಗಾಗಬಹುದು ಅಂತ ಒಪ್ಪಿಕೊಳ್ಳುತ್ತದೆ. ಈಗ ಪ್ರತಿ ಹುಡುಗರ ಗುಂಪಿನಲ್ಲೂ ಮೊದಲು ಹೇಳುವುದೇ ಇದನ್ನ.

ಕಾನೂನನ್ನು ಎಷ್ಟು ಹೇಳಬೇಕು ಅನ್ನುವುದರಲ್ಲಿ ನಾನು ತುಂಬಾ ತಪ್ಪಿದ್ದೇನೆ. ಸೆಕ್ಷನ್ ನಂಬರ್‌ಗಳನ್ನು ಸುರಿದರೆ ಮಕ್ಕಳು ಆಕಳಿಸುತ್ತಾರೆ. ಕತೆಯಿಂದ ಶುರು ಮಾಡಿದರೆ ಕೇಳುತ್ತಾರೆ. 1992ರಲ್ಲಿ ರಾಜಸ್ಥಾನದ ಹಳ್ಳಿಯಲ್ಲಿ ಬಾಲ್ಯವಿವಾಹ ತಡೆಯಲು ಹೋದ ಕುಂಬಾರರ ಹೆಣ್ಣುಮಗಳು ಭಂವರಿ ದೇವಿ, ಅದಕ್ಕಾಗಿ ಅವರ ಮೇಲೆ ನಡೆದ ಅತ್ಯಾಚಾರ, ಆಮೇಲೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯಲು ಸುಪ್ರೀಂ ಕೋರ್ಟ್ ಕೊಟ್ಟ ವಿಶಾಖಾ ತೀರ್ಪು. ತೀರ್ಪು ಬಂದದ್ದು 1997ರ ಆಗಸ್ಟ್ 13. ಎರಡು ದಿನ ಬಿಟ್ಟು, ಆಗಸ್ಟ್ 15ಕ್ಕೆ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ಹೀಗೆ ಹೇಳಿದರೆ ಮಕ್ಕಳು ಮರೆಯುವುದಿಲ್ಲ. ಆ ತೀರ್ಪಿನಿಂದ 2013ರ ಕಾಯ್ದೆ, ಆ ಕಾಯ್ದೆಯಿಂದ ನಮ್ಮ ಸಮಿತಿ.

ಮಿಕ್ಕಿದ್ದು ಅವರಿಗೆ ಉಪಯೋಗಕ್ಕೆ ಬರುವಷ್ಟು ಮಾತ್ರ. ದೂರನ್ನು 3 ತಿಂಗಳ ಒಳಗೆ ಕೊಡಬೇಕು, ಸರಿಯಾದ ಕಾರಣ ಇದ್ದರೆ ಇನ್ನೂ 3 ತಿಂಗಳು ಸಿಗುತ್ತದೆ. ಬರೆಯಲು ಆಗದಿದ್ದರೆ ಬರೆಯಲು ಸಹಾಯ ಮಾಡುವುದು ಸಮಿತಿಯ ಕೆಲಸ. ಮೇಷ್ಟ್ರ ಮೇಲೆ ದೂರಿದ್ದರೆ ವಿಚಾರಣೆ ಮುಗಿಯುವ ತನಕ ಅವರು ಇವಳ ಪೇಪರ್ ನೋಡದ ಹಾಗೆ, ಇಂಟರ್ನಲ್ಸ್ ಅಂಕ ಹಾಕದ ಹಾಗೆ ಮಾಡಬಹುದು. ಇಂಟರ್ನಲ್ಸ್ ವಿಷಯ ಹೇಳಿದಾಗ ಎಷ್ಟು ಮುಖಗಳು ತಟ್ಟನೆ ಮೇಲೆದ್ದವು ಅಂದರೆ, ನನಗೇ ಭಯವಾಯಿತು.

ಅತ್ಯಾಚಾರದಂಥದ್ದು ನಡೆದರೆ ಗೆಳತಿ ಏನು ಮಾಡಬೇಕು ಅಂತ ಒಂದು ಹಾಳೆ ಮಾಡಿದೆವು. ಸ್ನಾನ ಮಾಡುವ ಮೊದಲು, ಬಟ್ಟೆ ಒಗೆಯುವ ಮೊದಲು ಆಸ್ಪತ್ರೆ. ಬಟ್ಟೆಯನ್ನು ಪ್ಲಾಸ್ಟಿಕ್ ಕವರಲ್ಲಿ ಅಲ್ಲ, ಪೇಪರಲ್ಲಿ ಸುತ್ತಿಡಬೇಕು. ಸ್ನಾನ ಮಾಡಿಬಿಟ್ಟಿದ್ದರೂ ಹೋಗಬೇಕು. ಗರ್ಭ ತಡೆಯುವ ಮಾತ್ರೆ, ಎಚ್‌ಐವಿ ತಡೆಯುವ ಔಷಧಿ ಎರಡಕ್ಕೂ 72 ಗಂಟೆ ದಾಟಬಾರದು. ನಮ್ಮೂರಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ಖಾಸಗಿ ಆಸ್ಪತ್ರೆಯಾದರೂ ದುಡ್ಡು ಕೇಳದೆ ತಕ್ಷಣ ಚಿಕಿತ್ಸೆ ಕೊಡಲೇಬೇಕು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಅದನ್ನು ಮುಚ್ಚಿಡದೆ ಮೊದಲೇ ಹೇಳುತ್ತೇವೆ. ಯಾವ ಸ್ಟೇಷನ್ನಿನಲ್ಲಾದರೂ ಎಫ್‌ಐಆರ್ ಮಾಡಿಸಬಹುದು, ‘ನಮ್ಮ ಲಿಮಿಟ್ಟಿಗೆ ಬರಲ್ಲ’ ಅನ್ನುವಂತಿಲ್ಲ. ಹೇಳಿಕೆಯನ್ನು ಮಹಿಳಾ ಪೊಲೀಸರೋ ಬೇರೆ ಮಹಿಳಾ ಅಧಿಕಾರಿಯೋ ಬರೆದುಕೊಳ್ಳಬೇಕು. ಕೆಳಗೆ ಫೋನ್ ನಂಬರ್‌ಗಳು: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ವಕೀಲರ ಸಹಾಯಕ್ಕೆ 15100. ಹಾಳೆಯನ್ನು ಹಾಲ್ ಟಿಕೆಟ್ ಜೊತೆ ಇಟ್ಟುಕೊಳ್ಳುವಷ್ಟು ಚಿಕ್ಕದು ಮಾಡಿದೆವು.

ಒಂದು ವಿಷಯದಲ್ಲಿ ಮಾತ್ರ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ. ‘ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ ಮೇಡಂ’ ಅಂತ ಮಕ್ಕಳು ಕೈ ಚಾಚುತ್ತಾರೆ. ಡಿಗ್ರಿ ಮೊದಲ ವರ್ಷದಲ್ಲಿ 17ರ ಮಕ್ಕಳೂ ಇರುತ್ತಾರೆ. ಪೋಕ್ಸೋ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಹಾಗಾಗಿ ಆ ಕೈ ಮುಟ್ಟುವ ಮೊದಲೇ ಹೇಳುತ್ತೇನೆ: ‘ಪುಟ್ಟಾ, ನಿಂಗೆ 18 ಆಗಿಲ್ಲ ಅಂದ್ರೆ ಕೆಲವು ವಿಷಯ ನಾನು ಹೇಳಲೇಬೇಕಾಗುತ್ತೆ. ಆದ್ರೆ ಎಲ್ಲಾ ಕಡೆ ನಿನ್ ಜೊತೆ ನಾನಿರ್ತೀನಿ.’ ಕೆಲವರು ಎದ್ದು ಹೋಗಿದ್ದಾರೆ. ಸುಳ್ಳು ಮಾತು ಕೊಟ್ಟು ಆಮೇಲೆ ಮುರಿಯುವುದಕ್ಕಿಂತ ಇದೇ ಸರಿ ಅಂತ ನಂಬಿದ್ದೇನೆ.

ಕಾಲೇಜು ಬಿಡಿಸುವ ಭಯಕ್ಕೆ ಅಪ್ಪ ಅಮ್ಮಂದಿರ ಹತ್ತಿರವೇ ಹೋಗಬೇಕಾಯಿತು. ಅಡ್ಮಿಷನ್ ದಿನ ಹೇಗೂ ಬಂದಿರುತ್ತಾರೆ. ಫೀಸ್ ಕಟ್ಟುವ ಕ್ಯೂ ಪಕ್ಕ ಒಂದು ಟೇಬಲ್ ಹಾಕಿಕೊಂಡು ಕೂರುತ್ತೇನೆ. ‘ಮಗಳು ಏನಾದ್ರೂ ಹೇಳಿದ್ರೆ ಮನೇಲಿ ಕೂರಿಸ್ಬೇಡಿ ಅಣ್ಣ, ಮೊದಲು ನಂಗೊಂದು ಫೋನ್ ಮಾಡಿ’ ಅಂತ ನಂಬರ್ ಕೊಡುತ್ತೇನೆ. ಒಬ್ಬ ಅಪ್ಪ, ಮೆಕ್ಕೆಜೋಳ ಬೆಳೆಯುವವರು, ಚೀಟಿಯನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು, ‘ಹೆಣ್ಮಕ್ಳು ಹೇಳಿದ್ರೆ ತಾನೇ ಮೇಡಮ್ಮೋರೆ ನಮಗ್ ತಿಳಿಯೋದು’ ಅಂದರು.

ದೂರುಗಳು ಬರತೊಡಗಿದಾಗ ಆಡಳಿತ ಮಂಡಳಿಗೆ ಗಾಬರಿಯಾಯಿತು. ಮೊದಲು ಸೊನ್ನೆ ಇತ್ತು, ಈಗ ಯಾಕೆ, ಕಾಲೇಜಿನ ಹೆಸರು ಏನಾಗಬೇಕು ಅಂತ ಕರೆದು ಕೇಳಿದರು. ಒಳಗೇ ಮುಗಿಸೋಣ ಅನ್ನುವ ಮಾತೂ ಬಂತು. ಆ ಬ್ಯಾಗಿನ ಚೈನಿನ ಕತೆಯನ್ನು ಅವರಿಗೆ ಹೇಳಿದೆ. ಆ ವರ್ಷ ನಮ್ಮ ಫೈಲಿನಲ್ಲಿ ದೂರು ಸೊನ್ನೆ ಅಂತಲೇ ಬರೆದಿದ್ದೆವು, ನಾನೇ ಸಹಿ ಹಾಕಿದ್ದೆ ಅಂದೆ. ಅವರು ಒಪ್ಪಿದರೋ ಇಲ್ಲವೋ, ಗುಂಪುಗಳನ್ನು ನಿಲ್ಲಿಸಲಂತೂ ಇಲ್ಲ.

ಹೋದ ವರ್ಷ ಪರೀಕ್ಷೆ ಹತ್ತಿರ ಬಂದಾಗ ಇಬ್ಬರು ಹುಡುಗಿಯರು ಬಂದರು. ಒಬ್ಬಳು ಇನ್ನೊಬ್ಬಳ ಮಣಿಕಟ್ಟು ಹಿಡಿದುಕೊಂಡಿದ್ದಳು. ನೀರು ಕೊಟ್ಟು ಕೂರಿಸಿದೆ. ಹಿಡಿದುಕೊಂಡು ಬಂದವಳು ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು: ‘ಮೇಡಂ, ನಾನು ಏನೂ ಕೇಳಿಲ್ಲ. ಬರೀ ಕರ್ಕೊಂಡು ಬಂದೆ.’